ಬ್ರೇಕ್ ಒತ್ತಿದಾಗ ಮಾತ್ರ ನಡುಕವೇ? ಹಾಗಾದರೆ ಟೈರ್ ಬಿಡಿ, ಡಿಸ್ಕ್ ನೋಡಿಸಿ

ನಾಲ್ಕೂ ಟೈರ್‌ಗೆ ದುಡ್ಡು ಸುರಿಯುವ ಮುಂಚೆ ಸ್ವಲ್ಪ ತಡೆಯಿರಿ. ಮುಳ್ಳಯ್ಯನಗಿರಿಗೆ ಹೋಗಿಬಂದ ಮೇಲೆ, 80ರಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ ಅಂತ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಟೈರ್ ಅಥವಾ ಬ್ಯಾಲೆನ್ಸಿಂಗ್ ತೊಂದರೆಯಾಗಿದ್ದರೆ ಬ್ರೇಕ್ ಮುಟ್ಟದೆಯೂ ನಡುಗಬೇಕಿತ್ತು, ಅಲ್ವಾ? ನನಗೆ ಮುಂದಿನ ಚಕ್ರಗಳ ಡಿಸ್ಕ್ (ಚಕ್ರದ ಜೊತೆ ತಿರುಗುವ, ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಮೇಲೇ ಅನುಮಾನ.

ಗಿರಿಯಿಂದ ಚಿಕ್ಕಮಗಳೂರಿಗೆ ಸುಮಾರು 800 ಮೀಟರ್ ಎತ್ತರದ ಇಳಿಜಾರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಸಿಕ್ಕಾಪಟ್ಟೆ ಕಾಯುತ್ತದೆ. ಕಾದಾಗ ಪೆಡಲ್ ಒತ್ತಿಹಿಡಿದು ನಿಂತರೆ ಡಿಸ್ಕನ್ನು ಒತ್ತಿಹಿಡಿಯುವ ಪ್ಯಾಡಿನ ಪುಡಿ ಆ ಜಾಗಕ್ಕೆ ಅಂಟುತ್ತದೆ. ಮೆಕ್ಯಾನಿಕ್‌ಗಳು 'ಡಿಸ್ಕ್ ಬೆಂಡ್' ಅನ್ನುತ್ತಾರೆ. ಎಷ್ಟೋ ಸಲ ಬೆಂಡ್ ಆಗಿರುವುದಿಲ್ಲ, ದಪ್ಪ ಹೆಚ್ಚುಕಮ್ಮಿ ಆಗಿರುತ್ತದೆ. ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸವಿದ್ದರೂ ಕೈಗೆ ಗೊತ್ತಾಗುತ್ತದೆ.

ನಾನು ಹಾಸನದವನು. ನನಗೂ ಇದೇ ಕಾಟ ಇತ್ತು. ಎರಡು ಹೊಸ ಡಿಸ್ಕ್ ಹಾಕಿಸಿದೆ. ಒಂದೆರಡು ಸಾವಿರ ಕಿಲೋಮೀಟರ್ ಬೆಣ್ಣೆಯಂತೆ ಓಡಿತು. ಆಮೇಲೆ ಒಂದಿನ ಚನ್ನರಾಯಪಟ್ಟಣದ ಹತ್ತಿರ ಮತ್ತೆ ಗಡಗಡ! ಬೇರೆ ಮೆಕ್ಯಾನಿಕ್ ಒಬ್ಬರು ಡಿಸ್ಕ್ ಬಿಚ್ಚಿ, ಅದು ಕೂರುವ ಹಬ್ ಮೇಲೆ ಬೆರಳಾಡಿಸಿದರು. ಉಗುರಿನಷ್ಟಗಲ ತುಕ್ಕಿನ ಚಕ್ಕೆ. ಮೊದಲು ಹಾಕಿದವರು ಅದರ ಮೇಲೇ ಡಿಸ್ಕ್ ಕೂರಿಸಿದ್ದರು. ಓರೆಯಾಗಿ ತಿರುಗಿ ತಿರುಗಿ ಹೊಸ ಡಿಸ್ಕೂ ಕೆಟ್ಟಿತ್ತು. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಡಿಸ್ಕನ್ನು ಸಮ ಮಾಡಿಸಲು ಲೇತ್‌ಗೆ ಕೊಟ್ಟು ಹಾಕಿದ ಮೇಲೆ ಸರಿಹೋಯಿತು.

ಹಾಗಾಗಿ ಗ್ಯಾರೇಜಿನಲ್ಲಿ ಹೀಗೆ ಕೇಳಿ: ಡಯಲ್ ಗೇಜ್ (ಓರೆ ಅಳೆಯುವ ಮೀಟರ್) ಇಟ್ಟು ಡಿಸ್ಕ್ ನೋಡಿ, ಹಬ್ ಉಜ್ಜಿ, ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಸಲೀಸಾಗಿ ಓಡಾಡುತ್ತದಾ ಅಂತಲೂ ನೋಡಿ. ಎಷ್ಟು ತೆಳುವಾಗುವವರೆಗೆ ಬಳಸಬಹುದು ಅನ್ನುವುದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತದೆ. ಅದಕ್ಕಿಂತ ದಪ್ಪ ಉಳಿಯುವುದಾದರೆ ಲೇತ್ ಸಾಕು. ಇಲ್ಲದಿದ್ದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಾಯಿಸಿ. ಚಕ್ರದ ನಟ್‌ಗಳನ್ನು ಗಾಳಿ ಗನ್‌ನಲ್ಲಿ ಸುಮ್ನೆ ಬಿಗಿಯಲು ಬಿಡಬೇಡಿ. ಎದುರುಬದುರಾಗಿ, ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು.

ಸ್ಟೇರಿಂಗ್ ಬದಲು ಸೀಟು ನಡುಗಿದರೆ ಹಿಂದಿನ ಚಕ್ರ ನೋಡಿಸಿ. ಬ್ರೇಕ್ ಮುಟ್ಟದೆ 80–100ರಲ್ಲಿ ನಡುಗಿದರೆ ಮೊದಲು ರಿಮ್ ಒಳಗಡೆ ಬಗ್ಗಿ ನೋಡಿ. ನಮ್ಮ ಎಸ್ಟೇಟ್ ರಸ್ತೆಯ ಕೆಸರು ಅಲ್ಲಿ ಒಣಗಿ ನಿಂಬೆಹಣ್ಣಿನ ಗಾತ್ರ ಕೂತಿರುತ್ತದೆ! ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಪೆಡಲ್ ಟಕಟಕ ಅಂದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಭಯಬೇಡ.

ರಿಪೇರಿ ಆಗುವವರೆಗೆ ಘಾಟಿ ಇಳಿಯಲೇಬೇಕಾದರೆ ಎರಡನೇ ಗೇರ್‌ನಲ್ಲಿ ಇಳಿಯಿರಿ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಮಾತ್ರ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.