ಮಳೆಗಾಲದಲ್ಲಿ ಅಳಿಸಿಹೋಗುವ ಲಾಗ್

ಪ್ರಶ್ನೆ: ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲಿನಕ್ಸ್ ಸರ್ವರ್‌ನಲ್ಲಿ ಫ್ಲೆಕ್ಸ್‌ನೆಟ್ ಎಂಬ ಲೈಸೆನ್ಸ್ ಹಂಚುವ ವ್ಯವಸ್ಥೆಯ ಮೂಲಕ ಡಿಸೈನ್ ಸಾಫ್ಟ್‌ವೇರ್‌ನ 25 ಲೈಸೆನ್ಸ್‌ಗಳು ನಡೆಯುತ್ತಿವೆ. ಮುಂದಿನ ವರ್ಷಕ್ಕೆ ಎಷ್ಟನ್ನು ನವೀಕರಿಸಬೇಕೆಂದು ಪ್ರಾಂಶುಪಾಲರು ಕೇಳಿದ್ದಾರೆ. ಜುಲೈ ತಿಂಗಳ ವರದಿ ತೆಗೆಸಿದರೆ ಕೊನೆಯ ಎರಡು ದಿನಗಳ ಬಳಕೆ ಮಾತ್ರ ಸಿಕ್ಕಿತು. ಸರ್ವರ್ ತನ್ನ ಚಟುವಟಿಕೆಗಳನ್ನು ಬರೆದಿಡುವ ಡಿಬಗ್ ಲಾಗ್ ಮಾತ್ರ ಬೆಳೆದು ಡಿಸ್ಕ್ ತುಂಬಿತು. ಅದನ್ನು ಅಳಿಸಿದರೂ ಜಾಗ ಖಾಲಿಯಾಗಲಿಲ್ಲ. ಇಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುವುದು ಸಾಮಾನ್ಯ, ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಹೇಳಿರುವ ಕರೆಂಟ್ ಕಡಿತದಲ್ಲಿಯೇ ಮೊದಲ ತೊಂದರೆಯ ಕಾರಣವಿದೆ. ಲೈಸೆನ್ಸ್ ಸರ್ವರ್‌ನ ಹೊಂದಿಕೆಗಳಿರುವ ಆಪ್ಷನ್ಸ್ ಫೈಲಿನಲ್ಲಿ, ಬಳಕೆಯ ದಾಖಲೆಯಾದ ರಿಪೋರ್ಟ್ ಲಾಗ್ ಎಲ್ಲಿರಬೇಕೆಂದು ಹೇಳುವ ರಿಪೋರ್ಟ್‌ಲಾಗ್ (REPORTLOG) ಸಾಲಿನಲ್ಲಿ ಫೈಲಿನ ವಿಳಾಸ ಆರಂಭವಾಗುವ ಮುನ್ನ + ಚಿಹ್ನೆ ಇಲ್ಲದಿದ್ದರೆ, ಸರ್ವರ್ ಪ್ರತಿ ಸಲ ಎದ್ದಾಗಲೂ ಹಳೆಯ ದಾಖಲೆಯ ಮೇಲೆಯೇ ಹೊಸದಾಗಿ ಬರೆಯಲು ತೊಡಗುತ್ತದೆ. ಡಿಬಗ್ ಲಾಗ್ ಬೆಳೆಯುತ್ತಲೇ ಇತ್ತು ಎಂಬುದನ್ನು ನೋಡಿದರೆ, ಆರಂಭದ ಆಜ್ಞೆಯಲ್ಲಿ ಈ ಚಿಹ್ನೆಯನ್ನು ಹಾಕಿದವರು ಆಪ್ಷನ್ಸ್ ಫೈಲಿನಲ್ಲಿ ಮರೆತಂತಿದೆ. ಅದನ್ನು ಸೇರಿಸಿ, ಈಗಿನ ಫೈಲಿನ ಪ್ರತಿ ತೆಗೆದಿಟ್ಟುಕೊಂಡು, ಲ್ಯಾಬ್ ಮುಗಿದ ಮೇಲೆ ಸರ್ವರ್ ಮರುಪ್ರಾರಂಭಿಸಿ.

ಆದರೆ ಅದಕ್ಕೂ ಮುನ್ನ ಒಂದು ಕೆಲಸವಿದೆ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ತೆರೆದಿಟ್ಟುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರಷ್ಟೇ ಹೋಗುತ್ತದೆ. ಆ ಪ್ರೋಗ್ರಾಂ ಫೈಲನ್ನು ಮುಚ್ಚುವವರೆಗೆ ಜಾಗವೂ ಬಿಡುಗಡೆಯಾಗುವುದಿಲ್ಲ, ಬರಹವೂ ನಾಶವಾಗುವುದಿಲ್ಲ. ಪ್ರಾಕ್ (/proc) ಫೋಲ್ಡರಿನಲ್ಲಿ ಆ ಪ್ರೋಗ್ರಾಂನ ಸಂಖ್ಯೆಯ (PID) ಅಡಿ ಇರುವ ಎಫ್‌ಡಿ (fd) ಎಂಬಲ್ಲಿಂದ ಅಳಿಸಿದ ಡಿಬಗ್ ಲಾಗನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಸಂಚಿಕೆ ನಿಮ್ಮ ಕೈಸೇರುವುದರೊಳಗೆ ಕರೆಂಟ್ ಹೋದರೆ ಈ ಅವಕಾಶವೂ ತಪ್ಪುವುದರಿಂದ ಇಷ್ಟು ಭಾಗವನ್ನು ನಿಮಗೆ ಮೊದಲೇ ಅಂಚೆಯಲ್ಲಿ ಬರೆದು ಕಳಿಸಿದ್ದೇವೆ.

ಇನ್ನು ಮುಂದೆ ಫೈಲುಗಳನ್ನು ಕೈಯಿಂದ ಅಳಿಸಬೇಡಿ, ಸರಿಸಲೂ ಬೇಡಿ. ತಿಂಗಳಿಗೊಮ್ಮೆ ರಿಪೋರ್ಟ್ ಲಾಗ್‌ಗೆ ಎಲ್‌ಎಂನ್ಯೂಲಾಗ್ (lmnewlog), ಡಿಬಗ್ ಲಾಗ್‌ಗೆ ಎಲ್‌ಎಂಸ್ವಿಚ್ (lmswitch) ಆಜ್ಞೆ ಕೊಟ್ಟರೆ, ಸರ್ವರ್ ನಿಲ್ಲಿಸದೆಯೇ ಹಳೆಯದು ಬೇರ್ಪಟ್ಟು ಹೊಸದು ಆರಂಭವಾಗುತ್ತದೆ. ಆಪ್ಷನ್ಸ್ ಫೈಲಿನಲ್ಲಿ ನೋಲಾಗ್ (NOLOG) ಸಾಲು ಬರೆದು ಡಿಬಗ್ ಲಾಗನ್ನು ಚಿಕ್ಕದಾಗಿಸಬಹುದಾದರೂ, ನಿಮಗೆ ಈಗ ಬೇಕಿರುವುದೇ ಆ ದಾಖಲೆಯಾದ್ದರಿಂದ ಅದು ಬೇಡ.

ರಿಪೋರ್ಟ್ ಲಾಗ್ ಗೂಢಲಿಪಿಯಲ್ಲಿರುವುದರಿಂದ ನೇರವಾಗಿ ಓದಲು ಬರುವುದಿಲ್ಲ. ಉಳಿಸಿಕೊಂಡ ಡಿಬಗ್ ಲಾಗ್‌ನಲ್ಲಿಯಾದರೋ ಔಟ್ (ಲೈಸೆನ್ಸ್ ಪಡೆದದ್ದು), ಇನ್ (ಮರಳಿಸಿದ್ದು), ಡಿನೈಡ್ (ಸಿಗದೇ ಹೋದದ್ದು) ಎಂಬ ಸಾಲುಗಳಿರುತ್ತವೆ. ಹೆಚ್ಚಿನ ಸಾಲುಗಳಲ್ಲಿ ಸಮಯ ಮಾತ್ರವಿದ್ದು, ದಿನಾಂಕ ನಡುನಡುವಿನ ಟೈಮ್‌ಸ್ಟ್ಯಾಂಪ್ ಸಾಲಿನಲ್ಲಿ ಬರುತ್ತದೆ. ಆದ್ದರಿಂದ ಫೈಲನ್ನು ಮಧ್ಯದಲ್ಲಿ ಕತ್ತರಿಸಬಾರದು. ಕರೆಂಟ್ ಹೋದಾಗ ತೆರೆದಿದ್ದ ಔಟ್‌ಗಳಿಗೆ ಜೋಡಿ ಇನ್ ಇರುವುದಿಲ್ಲ. ಸರ್ವರ್ ಮತ್ತೆ ಎದ್ದ ಹೊತ್ತಿಗೆ ಅವು ಮರಳಿವೆಯೆಂದೇ ಲೆಕ್ಕ ಹಿಡಿಯಿರಿ. ಡಿನೈಡ್ ಸಾಲುಗಳನ್ನು ತಲೆಯೆಣಿಕೆಯಂತೆ ಎಣಿಸುವುದೂ ತಪ್ಪು, ಏಕೆಂದರೆ ಲೈಸೆನ್ಸ್ ಸಿಗದೆ ಅಸಹನೆಯಿಂದ ಹತ್ತು ಸಲ ಒತ್ತಿದ ಒಬ್ಬನೇ ವಿದ್ಯಾರ್ಥಿ ಅಲ್ಲಿ ಹತ್ತು ಸಾಲಾಗಿ ಕಾಣಿಸಿಕೊಳ್ಳಬಹುದು. ಒಂದೇ ಹೊತ್ತಿನಲ್ಲಿ ಎಷ್ಟು ಲೈಸೆನ್ಸ್ ಹೊರಗಿದ್ದವು ಎಂಬ ದಿನದ ಗರಿಷ್ಠ ಸಂಖ್ಯೆಯನ್ನೇ ಪ್ರಾಂಶುಪಾಲರ ಮುಂದಿಡಿ.