ಬಕೆಟ್‌ನಲ್ಲಿ 9 ಏಡಿ, ಕಾರ್ಡ್ ಮಾತ್ರ ಖಾಲಿ

ಪ್ರಶ್ನೆ: ನಾವು ಕುಂದಾಪುರ ಕಡೆಯವರು, ಈಗ ಅಮೆರಿಕದ ಸಿಯಾಟಲ್ ಹತ್ತಿರ ಇದ್ದೇವೆ. ಜುಲೈಯಲ್ಲಿ ನಾನು, ಹೆಂಡತಿ, ಊರಿಂದ ಬಂದಿರುವ ಅಪ್ಪಯ್ಯ ಮೂವರೂ ಪಿಯರ್ (ಸಮುದ್ರದೊಳಗೆ ಚಾಚಿದ ಕಟ್ಟೆ) ಮೇಲೆ ಏಡಿ ಹಿಡಿಯೋಕೆ ಹೋಗಿದ್ದೆವು. ನಮ್ಮಿಬ್ಬರಿಗೆ ಲೈಸೆನ್ಸ್ ಇತ್ತು, ಅಪ್ಪಯ್ಯನಿಗೆ ಇರಲಿಲ್ಲ, ಅವರು ಸುಮ್ನೆ ಏಡಿ ಬೋನಿನ ಹಗ್ಗ ಎಳೆದರು ಅಷ್ಟೆ. ಡಂಜನೆಸ್ ಎಂಬ ಜಾತಿಯ 9 ಏಡಿ ಸಿಕ್ಕವು. ಹಿಡಿದ ಏಡಿಗಳ ಲೆಕ್ಕ ಬರೆಯುವ ಕಾರ್ಡ್ ಮನೆಗೆ ಹೋಗಿ ತುಂಬೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ವನ್ಯಜೀವಿ ಆಫೀಸರ್ ಬಂದು ಬಕೆಟ್ ನೋಡಿದರು. ಟೇಪ್‌ನಲ್ಲಿ 6½ ಇಂಚು ಇದ್ದ ಏಡಿ ಅವರ ಅಳತೆಗೆ ಚಿಕ್ಕದಾಯಿತು. ನಿಯಮ ಮುರಿದಿದ್ದಕ್ಕೆ ಟಿಕೆಟ್ (ನೋಟಿಸ್) ಕೊಟ್ಟರು. ಇಬ್ಬರಿಗೆ 10 ಏಡಿ ಹಿಡಿಯಬಹುದು, ಅಲ್ವಾ? ನಮ್ಮ ತಪ್ಪೇನು? ಬಕೆಟ್ ತೋರಿಸಲೇಬೇಕಿತ್ತಾ?

ಉತ್ತರ: ತೋರಿಸಲೇಬೇಕು. ಅದನ್ನು ಮೊದಲು ಹೇಳಿಬಿಡುತ್ತೇನೆ. ಸಿಯಾಟಲ್ ಇರುವ ಈ ವಾಷಿಂಗ್ಟನ್ ರಾಜ್ಯದಲ್ಲಿ ನೀವು ಮೀನು, ಏಡಿ ಹಿಡಿಯುತ್ತಿದ್ದರೆ ಆಫೀಸರ್ ನಿಮ್ಮನ್ನು ನಿಲ್ಲಿಸಿ ಲೈಸೆನ್ಸ್, ಕಾರ್ಡ್, ಬೋನು, ಹಿಡಿದ ಏಡಿ ಎಲ್ಲ ನೋಡಬಹುದು. ಅದಕ್ಕೆ ಅವರಿಗೆ ನಿಮ್ಮ ಮೇಲೆ ಅನುಮಾನ ಬರಬೇಕು ಅಂತೇನಿಲ್ಲ, ಪಕ್ಕದವರನ್ನೂ ಹಾಗೇ ನೋಡುತ್ತಾರೆ.

ಈಗ ಲೆಕ್ಕಕ್ಕೆ ಬನ್ನಿ. ಸಿಯಾಟಲ್ ಪಕ್ಕದ ಸಮುದ್ರದ ಒಳಚಾಚು ಪ್ಯೂಜೆಟ್ ಸೌಂಡ್‌ನಲ್ಲಿ ಒಬ್ಬರಿಗೆ ದಿನಕ್ಕೆ 5 ಡಂಜನೆಸ್. ಇಬ್ಬರಿಗೆ 10 ಎಂಬುದು ಸರಿ, ಆದರೆ ಅವರವರ 5 ಏಡಿ ಅವರವರೇ ಹಿಡಿದಿರಬೇಕು, ಅವರವರ ಕಾರ್ಡ್‌ನಲ್ಲಿ ಬರೆದಿರಬೇಕು. ಅದೂ ಯಾವಾಗ? ಏಡಿಯನ್ನು ಬಕೆಟ್‌ಗೆ ಹಾಕಿದ ತಕ್ಷಣ, ಬೋನನ್ನು ಮತ್ತೆ ನೀರಿಗೆ ಬಿಡುವ ಮೊದಲು. ಮನೆಗೆ ಹೋಗಿ ಅಲ್ಲ. ನಮ್ಮವರು ಜಾಸ್ತಿ ಸಿಕ್ಕಿಬೀಳೋದೇ ಇಲ್ಲಿ. ಕೈ ಒದ್ದೆ, ಪೆನ್ ಹುಡುಕೋಕೆ ಬೇಜಾರು, ಆಮೇಲೆ ಬರೆಯೋಣ ಅಂತ ಬಿಡುತ್ತೇವೆ. ಆದರೆ ಖಾಲಿ ಕಾರ್ಡ್ ನೋಡಿದವರಿಗೆ ನೀವು ಬೆಳಿಗ್ಗೆ ಇನ್ನೊಂದು 5 ಹಿಡಿದು ಮನೆಗೆ ಸಾಗಿಸಿದ್ದೀರೋ ಇಲ್ಲವೋ ಹೇಗೆ ಗೊತ್ತಾಗಬೇಕು? ಕಾರ್ಡನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಪೆನ್ನಿಗೆ ದಾರ ಕಟ್ಟಿ ಬಕೆಟ್ ಹಿಡಿಗೇ ತೂಗುಹಾಕಿ. ನಾನು ಹಾಗೇ ಮಾಡೋದು.

ಅಳತೆಯ ವಿಷಯದಲ್ಲಿ ನೀವು ಮೋಸ ಮಾಡಿಲ್ಲ, ಅಳೆದ ರೀತಿ ತಪ್ಪು. ಏಡಿಯ ಚಿಪ್ಪಿನ ಎರಡು ಬದಿಯಲ್ಲೂ ಒಂದೊಂದು ಚೂಪು ಮುಳ್ಳು ಇರುತ್ತದೆ. ಮುಳ್ಳಿನ ತುದಿಯಿಂದ ತುದಿಗೆ ಅಳೆಯಬಾರದು. ಮುಳ್ಳಿಗೆ ಸ್ವಲ್ಪ ಮುಂದೆ, ಚಿಪ್ಪಿನ ಅಂಚಿಗೆ, ನೇರವಾಗಿ ಅಳೆಯಬೇಕು. ಟೇಪ್ ಬೆನ್ನಿನ ಉಬ್ಬಿನ ಮೇಲೆ ಬಾಗುತ್ತದೆ, ಅಲ್ಲೂ ಜಾಸ್ತಿ ತೋರಿಸುತ್ತದೆ. ಅದಕ್ಕೇ ಏಡಿ ಅಳೆಯುವ ಪ್ಲಾಸ್ಟಿಕ್ ಗೇಜ್ ಸಿಗುತ್ತದೆ, ಕೆಲವೇ ಡಾಲರ್. ಅದರ ಬಾಯಿಯೊಳಗೆ ಚಿಪ್ಪು ಸಲೀಸಾಗಿ ಆಡಿದರೆ ಏಡಿ ಚಿಕ್ಕದು, ನೀರಿಗೆ ಬಿಡಿ. ಇಲ್ಲಿ ಕನಿಷ್ಠ 6¼ ಇಂಚು. ಪಕ್ಕದ ಆರೆಗನ್ ರಾಜ್ಯದಲ್ಲಿ 5¾ ಇಂಚು, ದಿನಕ್ಕೆ 12, ಹಾಗಾಗಿ ಅಲ್ಲಿರುವ ಗೆಳೆಯರ ಮಾತು ಕೇಳಿಕೊಂಡು ಇಲ್ಲಿ ಹೋಗಬೇಡಿ.

ಗಂಡೇಡಿ ಮಾತ್ರ ಇಟ್ಟುಕೊಳ್ಳಬಹುದು, ಅದೂ ಚಿಪ್ಪು ಗಟ್ಟಿಯಾಗಿರಬೇಕು. ಮಗುಚಿ ಹೊಟ್ಟೆ ನೋಡಿ. ಗಂಡಿನ ಹೊಟ್ಟೆಯ ಮಡಿಕೆ ಗೋಪುರದ ಹಾಗೆ ಸಪೂರ, ಹೆಣ್ಣಿನದು ಅಗಲ, ದುಂಡಗೆ. ಕಾಲು ಒತ್ತಿದರೆ ಮೆತ್ತಗೆ ಬಗ್ಗಿದರೆ ಅದು ಈಗಷ್ಟೇ ಚಿಪ್ಪು ಕಳಚಿದ ಏಡಿ, ಒಳಗೆ ಮಾಂಸವೂ ಕಡಿಮೆ. ಊರಲ್ಲಿ ಮೊಟ್ಟೆ ಇರುವ ಹೆಣ್ಣೇಡಿಯನ್ನೇ ಇಷ್ಟಪಟ್ಟು ತರುವವರಿದ್ದಾರೆ, ನನಗೆ ಗೊತ್ತು. ಇಲ್ಲಿ ಆ ಆಸೆ ಬಿಡಲೇಬೇಕು. ಒಂದು ಹೆಣ್ಣೇಡಿ ಲಕ್ಷಗಟ್ಟಲೆ ಮೊಟ್ಟೆ ಹೊರುತ್ತದೆ. ಗಂಡೇಡಿ 6¼ ಇಂಚಿಗೆ ಬೆಳೆಯುವ ಮೊದಲೇ ಒಂದೆರಡು ಸಲ ಕೂಡಿರುತ್ತದೆ, ಹಾಗಾಗಿ ದೊಡ್ಡ ಗಂಡನ್ನು ತಿಂದರೂ ಸಂತತಿ ನಿಲ್ಲುವುದಿಲ್ಲ. ಇಷ್ಟು ವರ್ಷದಿಂದ ಪಿಯರ್ ಮೇಲೆ ನಿಂತವರಿಗೂ ಏಡಿ ಸಿಗುತ್ತಿದೆ ಎಂದರೆ ಅದಕ್ಕೆ ಈ ನಿಯಮ ದೊಡ್ಡ ಕಾರಣ.

ಅಪ್ಪಯ್ಯನ ವಿಷಯ. ಹಗ್ಗ ಎಳೆದರೆ ಅವರೂ ಹಿಡಿದ ಹಾಗೆಯೇ ಲೆಕ್ಕ ಅಂತ ಇಟ್ಟುಕೊಳ್ಳಿ. ಬಂದವರಿಗೆ 1ರಿಂದ 3 ದಿನದ ಲೈಸೆನ್ಸ್ ಸಿಗುತ್ತದೆ, ಏಡಿ ಹಿಡಿಯೋಕೆ ಅಂತ ಹೇಳಿ ಕಾರ್ಡನ್ನೂ ಕೇಳಿ ತಗೊಳ್ಳಿ. ಅವರಿಗೂ ಖುಷಿ, ನಿಮಗೂ ಭಯ ಇಲ್ಲ.

ಇನ್ನೊಂದು, ಬೋನಿನ ಮುಚ್ಚಳ ಹತ್ತಿಯ ದಾರದಲ್ಲೇ ಕಟ್ಟಿದೆಯಾ ನೋಡಿ. ನೈಲಾನ್ ಆಗದು. ಹಗ್ಗ ಕಡಿದು ಬೋನು ಕಳೆದುಹೋದರೆ ಹತ್ತಿ ದಾರ ಕೊಳೆತು ಬಾಗಿಲು ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ಒಳಗೆ ಬಿದ್ದ ಏಡಿಗಳು ಒಂದಾದ ಮೇಲೊಂದು ಅಲ್ಲೇ ಸಾಯುತ್ತವೆ.

ಮುಂದೆ ಆಫೀಸರ್ ಬಂದರೆ ಬಕೆಟ್ ನೀವೇ ಮುಂದಿಡಿ. ಅವರನ್ನು ಕಂಡ ಕೂಡಲೇ ಏಡಿ ನೀರಿಗೆ ಎಸೆಯೋದು, ಇದು ಪಕ್ಕದವರದ್ದು ಅನ್ನೋದು, ಇದೆಲ್ಲ ಬೇಡ, ಸಣ್ಣ ತಪ್ಪು ದೊಡ್ಡದಾಗುತ್ತದೆ. ಟಿಕೆಟ್ ಸರಿಯಿಲ್ಲ ಅನಿಸಿದರೆ ಅಲ್ಲೇ ವಾದ ಮಾಡಬೇಡಿ, ಕೋರ್ಟ್‌ನಲ್ಲಿ ಹೇಳಿ. ಏಡಿ ನಿಯಮ ಮುರಿದರೆ ಕೆಲವಕ್ಕೆ ಬರೀ ದಂಡ, ಕೆಲವು ಕ್ರಿಮಿನಲ್ ಕೇಸ್ ಆಗುತ್ತವೆ. ನೀವು ವೀಸಾ ಮೇಲಿದ್ದರೆ ದುಡ್ಡು ಕಟ್ಟುವ ಮೊದಲು ಟಿಕೆಟ್ ಯಾವ ಬಗೆಯದು ಅಂತ ಒಬ್ಬ ವಕೀಲರಿಗೆ ತೋರಿಸಿ.

ಹಾಂ, ಬೇಸಿಗೆಯ ಕಾರ್ಡಿನ ಲೆಕ್ಕವನ್ನು ಅಕ್ಟೋಬರ್ 1ರೊಳಗೆ ರಾಜ್ಯದ ಮೀನು, ವನ್ಯಜೀವಿ ಇಲಾಖೆಗೆ ಕೊಡಬೇಕು. ಒಂದೂ ಏಡಿ ಸಿಗದಿದ್ದರೂ ಕೊಡಬೇಕು. ಮರೆತರೆ ಮುಂದಿನ ಲೈಸೆನ್ಸ್ ಕೊಳ್ಳುವಾಗ 10 ಡಾಲರ್ ದಂಡ.