ಗೊರಕೆಗೆ ನಕ್ಕರು, ಬೆರಳಚ್ಚಿಗೆ ದುಡ್ಡು ಕೊಟ್ಟರು

ಈ ವಾರದ ಪತ್ರ ಹಾಸನ ಜಿಲ್ಲೆಯ ಒಬ್ಬ ತಾಯಿಯದ್ದು. ಹೆಸರು, ಊರು ಬೇಡ ಎಂದಿದ್ದಾರೆ. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಓದಲು ತಡವರಿಸುತ್ತಾನೆ. ಉಕ್ತಲೇಖನ ಕೊಟ್ಟರೆ ಅರ್ಧ ತಪ್ಪು. ಕೂತಲ್ಲಿ ಕೂರುವುದಿಲ್ಲ. ಒಂದು ಮಾತನ್ನು ಮೂರು ಸಲ ಹೇಳಬೇಕು. ಅತ್ತೆ ದಿನಾ ಅನ್ನುವುದು, "ಹುಟ್ಟುಗುಣ ಸುಟ್ಟರೂ ಹೋಗಲ್ಲ, ಇದು ಸೋದರಮಾವನ ರಕ್ತ." ಆ ಸೋದರಮಾವ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದು, ಈಗ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಗಂಡನದ್ದು ಬೇರೆ ಗಾದೆ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅದಕ್ಕೇ ಸಂಜೆ ಟ್ಯೂಷನ್, ಅದಕ್ಕೇ ಮುಂದಿನ ವರ್ಷ ಶಿಸ್ತಿನ ವಸತಿ ಶಾಲೆ. ಇದರ ಮಧ್ಯೆ ಬೆಂಗಳೂರಿನ ನಾದಿನಿ ಬೇಸಿಗೆ ರಜೆಯಲ್ಲಿ ಮಗುವಿನ ಹತ್ತೂ ಬೆರಳಿನ ಅಚ್ಚು ತೆಗೆಸಿ, ಆರು ಸಾವಿರ ರೂಪಾಯಿಯ ಒಂದು 'ಮೆದುಳಿನ ರಿಪೋರ್ಟ್' ಮಾಡಿಸಿದ್ದಾರೆ. ಲೆಕ್ಕಕ್ಕೆ ಇಷ್ಟು ಪರ್ಸೆಂಟ್, ಸಂಗೀತಕ್ಕೆ ಇಷ್ಟು ಪರ್ಸೆಂಟ್ ಅಂತ ಬಣ್ಣದ ಚಿತ್ರ. ಭಾಷೆಯ ಪಾಲು ತೀರಾ ಕಡಿಮೆಯಂತೆ.

"ಇದು ಹುಟ್ಟಿನಿಂದ ಬಂದಿದ್ದಾ, ಇಲ್ಲ ನಾನು ಬೆಳೆಸಿದ್ದೇ ಸರಿಯಿಲ್ವಾ? ಹಾಸ್ಟೆಲ್‌ಗೆ ಕಳಿಸಿಬಿಡ್ಲಾ?" ಇದು ಅವರ ಪ್ರಶ್ನೆ.

ಆದರೆ ನಾಲ್ಕು ಪುಟದ ಪತ್ರದ ಮೂರನೇ ಪುಟದಲ್ಲಿ, ಬೇರೆ ಏನನ್ನೋ ಹೇಳುತ್ತಾ ಹೇಳುತ್ತಾ ಹೀಗೆ ಬರೆದಿದ್ದಾರೆ: "ಮಲಗೋದು ಹತ್ತೂವರೆ. ಸೊಳ್ಳೆಗೆ ಬತ್ತಿ ಹಚ್ಚಿ ಕಿಟಕಿ ಮುಚ್ಚಿದ್ರೂ ಒದ್ದಾಡ್ತಾನೆ. ಬಾಯಿ ಬಿಟ್ಕೊಂಡು ಅವರಪ್ಪನ ಥರಾನೇ ದಿನಾ ಗೊರಕೆ, ನಾವೆಲ್ಲ ನಗ್ತೀವಿ. ಉಸಿರು ನಿಂತ ಹಾಗಾಗುತ್ತೆ ಅಂತ ಅತ್ತೆ ಮಧ್ಯರಾತ್ರಿ ಎದ್ದು ಮಗ್ಗುಲು ತಿರುಗಿಸ್ತಾರೆ."

ನಗ್ತೀವಿ ಅಂತ ಬರೆದಿದ್ದೀರಲ್ಲ, ನಾನು ಅಲ್ಲೇ ನಿಂತೆ. ನಿಮ್ಮ ಮನೆಯಲ್ಲಿ ಗೊರಕೆ ಅಪ್ಪನ ಪಾಲಿಗೆ, ಕಡಿಮೆ ಮಾರ್ಕ್ಸು ಸೋದರಮಾವನ ಪಾಲಿಗೆ. ರಕ್ತದ ಪಾರೀಕತ್ತು ಇಷ್ಟು ಸಲೀಸಾಗಿ ಆಗಿದ್ದನ್ನು ನಾನೆಲ್ಲೂ ನೋಡಿಲ್ಲ.

ಏಳು ವರ್ಷದ ಮಗು ದಿನಾ ರಾತ್ರಿ ಗೊರಕೆ ಹೊಡೆಯುವುದು ತಮಾಷೆಯಲ್ಲ. ಮೂಗಿನ ಹಿಂದೆ, ಗಂಟಲಿನ ಮೇಲ್ಗಡೆ, ಅಡಿನಾಯ್ಡ್ ಅಂತ ಒಂದು ಮೆತ್ತನೆಯ ಗಡ್ಡೆ ಇರುತ್ತದೆ. ಎಲ್ಲ ಮಕ್ಕಳಿಗೂ ಇರುತ್ತದೆ, ರೋಗಾಣು ತಡೆಯಲು. ಚಿಕ್ಕ ವಯಸ್ಸಿನಲ್ಲಿ ದೊಡ್ಡದಾಗಿದ್ದು, ಹದಿಹರೆಯದ ಹೊತ್ತಿಗೆ ಕುಗ್ಗುತ್ತದೆ. ಕೆಲವರಲ್ಲಿ ಜಾಸ್ತಿ ಊದಿ ಉಸಿರಿನ ದಾರಿಗೆ ಅಡ್ಡ ಕೂರುತ್ತದೆ. ಆಗ ಮಗು ಬಾಯಲ್ಲಿ ಉಸಿರಾಡುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟಿದಾಗೆಲ್ಲ ಮೆದುಳು ಅರೆಕ್ಷಣ ಎಚ್ಚರಾಗುತ್ತದೆ. ಬೆಳಿಗ್ಗೆ ಅದು ಯಾವುದೂ ಮಗುವಿಗೆ ನೆನಪಿರುವುದಿಲ್ಲ.

ನಿದ್ದೆ ಕೆಟ್ಟರೆ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಎಷ್ಟೋ ಸಲ ಉಲ್ಟಾ. ಕುಣಿಯುತ್ತಾರೆ, ರೇಗುತ್ತಾರೆ, ಒಂದು ಕಡೆ ಗಮನ ನಿಲ್ಲುವುದಿಲ್ಲ. ಕೂತಲ್ಲಿ ಕೂರಲ್ಲ ಅಂದಿರಲ್ಲ, ಅದು. ಸಾಲದ್ದಕ್ಕೆ ಈ ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹತ್ತೂವರೆಗೆ ಮಲಗಿ ಆರಕ್ಕೆ ಏಳುವ ನಿಮ್ಮ ಮಗನಿಗೆ ಸಿಗುವುದು ಏಳೂವರೆ, ಅದೂ ಹರಿದ ನಿದ್ದೆ. ಈ ಅಂಕಣ ಓದುವವರಿಗೆ ಗೊತ್ತು, ಸಣ್ಣ ಮಕ್ಕಳ ಟ್ಯೂಷನ್ ಅಂದ್ರೆ ನನಗೆ ಆಗಿಬರಲ್ಲ. ನಿದ್ದೆ ಕಿತ್ತುಕೊಂಡು ಕಾಗುಣಿತ ತುರುಕಿದರೆ ಉಳಿಯುವುದು ಫೀಸಿನ ರಸೀದಿ ಮಾತ್ರ.

ಇನ್ನು ಆ ಮೂರು ಸಲ ಹೇಳುವ ವಿಚಾರ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಕಡಿಮೆ ಮಟ್ಟಸ. ಅಡಿನಾಯ್ಡ್ ಊದಿ ಅದರ ಬಾಯಿ ಕಟ್ಟಿದರೆ ಕಿವಿಯ ಪರದೆಯ ಹಿಂದೆ ಅಂಟು ನೀರು ತುಂಬುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿ ಮಗು ಹೇಳುವುದೂ ಇಲ್ಲ. ನಿಮ್ಮ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಪಕ್ಕದ ಕೋಣೆಯ ಮಾತು ಕೇಳಿ ನೋಡಿ. ಮಾತು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಅದೇ ಕಿವಿಯಲ್ಲಿ ಹಿಂದಿನ ಬೆಂಚಿನಿಂದ ಉಕ್ತಲೇಖನ ಬರೆಯಬೇಕು ಅಂದ್ರೆ? ನೆಗಡಿ ಇದ್ದ ವಾರ ಜಾಸ್ತಿ, ಇಲ್ಲದ ವಾರ ಕಡಿಮೆ. ಅದಕ್ಕೇ ಮನೆಯವರು "ಬೇಕಾದಾಗ ಕೇಳಿಸುತ್ತೆ, ಬೇಡದಾಗ ಕೇಳಿಸಲ್ಲ" ಅಂತ ಬೈಯುತ್ತಾರೆ. ಇವನಿಗೆ ಇದೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ನೋಡಿಸದೆ ಹಣೆಪಟ್ಟಿ ಹಚ್ಚಬೇಡಿ ಅಂತಷ್ಟೇ ಹೇಳುತ್ತಿದ್ದೇನೆ.

ಮುಚ್ಚಿದ ಕೋಣೆಯ ಸೊಳ್ಳೆ ಬತ್ತಿಯನ್ನು ಇವತ್ತೇ ನಿಲ್ಲಿಸಿ, ಸೊಳ್ಳೆಪರದೆ ಕಟ್ಟಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಬತ್ತಿ ಪೂರ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟಿದ್ದವು. ಮೂಗು ಕಟ್ಟುವ ಸ್ವಭಾವ ಅಪ್ಪನಿಂದಲೇ ಬಂದಿರಬಹುದು. ಹೊಗೆ ಮಾತ್ರ ನೀವು ಹಚ್ಚಿದ್ದು.

ಈಗ ಸಿಟ್ಟಿನ ವಿಷಯ. ನನ್ನ ಸಿಟ್ಟು ಅತ್ತೆಯ ಮೇಲಲ್ಲ, ನಾದಿನಿಯ ಮೇಲೆ. ಓದಿದವರು, ನೆಟ್‌ನಲ್ಲಿ ಹುಡುಕಿ ನೋಡಲು ಬರುವವರು. ಈ ಬೆರಳಚ್ಚಿನ ಬುದ್ಧಿ ಪರೀಕ್ಷೆಗೆ ಡಿಎಂಐಟಿ ಅಂತ ಹೆಸರು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಬೆರಳಿನ ಗೆರೆ ಮೂಡುವುದು ಗರ್ಭದಲ್ಲಿ, ಹತ್ತನೇ ವಾರದ ಆಸುಪಾಸಿನಿಂದ ಆರನೇ ತಿಂಗಳೊಳಗೆ. ಗೆರೆಯ ಒಟ್ಟು ಸ್ವರೂಪದಲ್ಲಿ ವಂಶವಾಹಿಯ ಕೈ ಇದೆ. ಅದರ ಸಣ್ಣ ಸಣ್ಣ ತಿರುವುಗಳನ್ನು ನಿರ್ಧರಿಸುವುದು ಗರ್ಭದೊಳಗಿನ ಒತ್ತಡ, ಬೆರಳು ಬೆಳೆದ ವೇಗ ಇಂಥವು. ಅದಕ್ಕೇ ಒಂದೇ ವಂಶವಾಹಿ ಇರುವ ಅವಳಿಗಳ ಬೆರಳಚ್ಚು ಕೂಡ ಒಂದೇ ಆಗಿರುವುದಿಲ್ಲ. ಅಂದರೆ ಯಾವುದನ್ನು ಹುಟ್ಟುಗುಣದ ಸರ್ಟಿಫಿಕೇಟ್ ಅಂತ ಆರು ಸಾವಿರ ಕೊಟ್ಟು ತಂದರೋ, ಅದರಲ್ಲೇ ಹುಟ್ಟು ಯಾವುದು, ಪರಿಸರ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಆ ರಿಪೋರ್ಟನ್ನು ಮಗನ ಕಣ್ಣಿಗೆ ಬೀಳದ ಕಡೆ ಇಡಿ. ಏಳು ವರ್ಷದವನು ತಡವರಿಸಿಯಾದರೂ ತನ್ನ ಹೆಸರನ್ನು ಅದರಲ್ಲಿ ಓದಿಕೊಳ್ಳಬಲ್ಲ.

ಹುಟ್ಟಿನಿಂದಲಾ, ಬೆಳೆಸಿದ್ದರಿಂದಲಾ ಅಂತ ಕೇಳಿದಿರಿ. ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಿದ್ದಾರೆ. ಹಾಗೇ ಬಿಟ್ಟರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಬಹುತೇಕ ಮಕ್ಕಳು ಎಲ್ಲರಂತೆ ಓದಿ ಬೆಳೆಯುತ್ತಾರೆ. ಹುಟ್ಟುಗುಣವೇ, ಆದರೆ ಸುಡುವುದೇನೂ ಬೇಕಾಗಲಿಲ್ಲ, ದಿನಕ್ಕೊಂದು ಮಾತ್ರೆ ಸಾಕಾಯಿತು. ಅಮೆರಿಕದ ಎರಿಕ್ ಟರ್ಕ್‌ಹೈಮರ್ ಮತ್ತು ಜೊತೆಯವರು 2003ರಲ್ಲಿ ನಿಮ್ಮ ಮಗನ ವಯಸ್ಸಿನ, ಏಳು ವರ್ಷದ ಅವಳಿಗಳ ಲೆಕ್ಕ ನೋಡಿದರು. ಅನುಕೂಲಸ್ಥ ಮನೆಗಳಲ್ಲಿ ಮಕ್ಕಳ ಐಕ್ಯೂ ವ್ಯತ್ಯಾಸಕ್ಕೆ ವಂಶವಾಹಿಯ ಪಾಲು ದೊಡ್ಡದಿತ್ತು. ಕಡು ಬಡತನದ ಮನೆಗಳಲ್ಲಿ ಅದೇ ಪಾಲು ಸೊನ್ನೆಯ ಹತ್ತಿರ. ಯೂರೋಪಿನಲ್ಲಿ ಇಷ್ಟು ಸ್ಪಷ್ಟವಾಗಿ ಇದು ಕಾಣಲಿಲ್ಲ. ಅಂತೂ ರಕ್ತದ ಪಾಲು ಇಷ್ಟೇ ಅಂತ ಕಲ್ಲಿನಲ್ಲಿ ಕೆತ್ತಿಲ್ಲ. ಮನೆ ಬದಲಾದರೆ ಲೆಕ್ಕವೂ ಬದಲಾಗಬಹುದು.

ನಿಮ್ಮ ತಮ್ಮನ ಬಗ್ಗೆ ಒಂದು ಮಾತು. ಓದುವ ತೊಡಕು, ಡಿಸ್ಲೆಕ್ಸಿಯಾ, ಕುಟುಂಬಗಳಲ್ಲಿ ಹರಿದು ಬರುವುದು ನಿಜ. ಮೂಗು, ಕಿವಿ ಸರಿಯಾದ ಮೇಲೂ ಮಗ ಹೀಗೇ ತಡವರಿಸಿದರೆ ಆ ಪರೀಕ್ಷೆಯನ್ನೂ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ತೊಡಕಿಗೂ ಜಾಗ ಇದೆ. ಆದರೆ ಎರಡನೇ ಕ್ಲಾಸಿಗೇ ಗಾಬರಿ ಬೇಡ. ಕನ್ನಡ ಓದುವ ಮಕ್ಕಳ ಮೇಲೆ ಸೋನಾಲಿ ನಾಗ್ ಮಾಡಿದ ಅಧ್ಯಯನಗಳ ಪ್ರಕಾರ, ನಮ್ಮ ಅಕ್ಷರಮಾಲೆ, ಗುಣಿತ, ಒತ್ತು ಎಲ್ಲ ಕೈವಶವಾಗಲು ಶಾಲೆಯ ಮೊದಲ ಮೂರು ನಾಲ್ಕು ವರ್ಷಗಳೇ ಹಿಡಿಯುತ್ತವೆ. ಮೋಟಾರು ಬಿಚ್ಚಿ ತಂತಿ ಸುತ್ತಿ ಮತ್ತೆ ಓಡಿಸುವವರನ್ನು ದಡ್ಡ ಅಂತ ಮಗುವಿನ ಎದುರು ಹೇಳುವುದನ್ನು ಕೂಡ ನಿಲ್ಲಿಸಲಿ.

ನೀವು ಮಾಡಬೇಕಾದ ಕೆಲಸ ಒಂದೇ. ಇವತ್ತು ರಾತ್ರಿ ಅವನು ಗಾಢ ನಿದ್ದೆಯಲ್ಲಿದ್ದಾಗ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ. ಅಂಗಿ ಬಿಚ್ಚಿ, ಎದೆ, ಬಾಯಿ ಕಾಣುವ ಹಾಗೆ, ಸದ್ದು ಕೇಳುವ ಹಾಗೆ. ಅದನ್ನು ಹಿಡಿದುಕೊಂಡು ಈ ವಾರವೇ ಹಾಸನದ ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಹೋಗಿ, ಕಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಅಡಿನಾಯ್ಡ್ ತೆಗೆಯುವ ಆಪರೇಷನ್ ಅಂದ ತಕ್ಷಣ ಹೆದರಬೇಡಿ, ತಕ್ಷಣ ಒಪ್ಪಲೂಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದ 464 ಅಮೆರಿಕನ್ ಮಕ್ಕಳನ್ನು ಏಳು ತಿಂಗಳು ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಬೇಗ ಆಪರೇಷನ್ ಆದವರ ನಿದ್ದೆ ಮತ್ತು ನಡವಳಿಕೆ ಚೆನ್ನಾಗಿ ಸುಧಾರಿಸಿತು, ಗಮನದ ಪರೀಕ್ಷೆಯ ಅಂಕ ಮಾತ್ರ ಅಷ್ಟೇನೂ ಏರಲಿಲ್ಲ. ಕಾದು ನೋಡಿದವರಲ್ಲೂ ಅರ್ಧದ ಹತ್ತಿರ ಮಕ್ಕಳ ಉಸಿರು ತಾನಾಗಿಯೇ ಸರಿಹೋಗಿತ್ತು. ಮೂಗಿನ ಸ್ಪ್ರೇ ಸಾಕಾ, ಕಾಯಬಹುದಾ ಅಂತ ವೈದ್ಯರನ್ನು ಕೇಳಿ.

ಅತ್ತೆಯನ್ನೂ ಕರೆದುಕೊಂಡು ಹೋಗಿ. ಬಾಯಲ್ಲಿ ಗಾದೆ ಏನೇ ಇರಲಿ, ಮನೆಮಂದಿಯೆಲ್ಲ ನಗುತ್ತಿದ್ದಾಗ ಮಧ್ಯರಾತ್ರಿ ಎದ್ದು ಕೂತವರು ಅವರೊಬ್ಬರೇ. ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ, ರಾತ್ರಿಗೆ ಎಷ್ಟು ಸಲ, ಯಾವ ಮಗ್ಗುಲಿಗೆ ಸರಿಹೋಗುತ್ತದೆ ಅಂತ ವೈದ್ಯರು ಕೇಳಿದರೆ ಉತ್ತರ ಇರುವುದು ಅವರ ಹತ್ತಿರ. ನಿಮ್ಮ ಯಜಮಾನರಿಗೆ ನೀವು ಕೇಳಬೇಕಾದ್ದೂ ಇದನ್ನೇ. ವಸತಿ ಶಾಲೆಯಲ್ಲಿ ಸಾಲಾಗಿ ಮಲಗಿದ ಮಕ್ಕಳ ನಡುವೆ ಇವನನ್ನು ಮಗ್ಗುಲು ತಿರುಗಿಸುವವರು ಯಾರು?

ಅಲ್ಲಿಗೆ ಅರ್ಜಿ ಹಾಕಲು ಕೊನೆ ದಿನ ಯಾವತ್ತು ಅಂತ ನೀವು ಬರೆದಿಲ್ಲ. ಯಾವತ್ತಾದರೂ ಇರಲಿ, ದಾಟಿಹೋಗಲು ಬಿಡಿ.